ಮಾಜಿ ಸೈನಿಕರ ಊರಿಗೇ ಚಿಕಿತ್ಸೆ: ಸಂಚಾರಿ ಚಿಕಿತ್ಸಾಲಯ ನಡೆಸುವವರಿಗೆ ಕೊಡಗಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ದಕ್ಷಿಣದ ತುದಿಯಲ್ಲಿರುವ ಕುಟ್ಟದಿಂದ ಜಿಲ್ಲಾ ಕೇಂದ್ರವಾದ ಮಡಿಕೇರಿಗೆ 80 ಕಿಲೋಮೀಟರಿನ ಆಸುಪಾಸು ದಾರಿ. ಆ ಭಾಗದ ಕಾಫಿ ತೋಟವೊಂದರ ಒಳಗೆ ವಾಸವಾಗಿರುವ, ಮೊಣಕಾಲು ಸವೆದ, 76 ವರ್ಷದ ನಿವೃತ್ತ ಹವಾಲ್ದಾರರೊಬ್ಬರು ರಕ್ತದೊತ್ತಡದ ತಿಂಗಳ ಮಾತ್ರೆಗಾಗಿ ಬೆಳಗಿನ ಬಸ್ಸು ಹಿಡಿದು ಹೊರಟರೆ ಮನೆ ಸೇರುವುದು ಕತ್ತಲಾದ ಮೇಲೆ, ಆ ಹೊತ್ತಿಗೆ ತೋಟದ ದಾರಿಯಲ್ಲಿ ಆನೆ ನಿಂತಿರಲೂಬಹುದು. ಆದ್ದರಿಂದ ಅವರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ, ಒಂದು ತಿಂಗಳ ಔಷಧವನ್ನು ಎರಡು ತಿಂಗಳು ಬರುವಂತೆ ನೋಡಿಕೊಳ್ಳುತ್ತಾರೆ. ಕಾಗದದ ಮೇಲೆ ಅವರಿಗೆ ನಗದುರಹಿತ ಚಿಕಿತ್ಸೆಯ ಹಕ್ಕಿದೆ, ಆದರೆ ಆ ಹಕ್ಕಿಗೂ ಅವರ ಅಂಗಳಕ್ಕೂ ನಡುವೆ ಒಂದು ಇಡೀ ದಿನದ ಪ್ರಯಾಣವಿದೆ. ಇಂಥವರಿಗಾಗಿ ತಿಂಗಳಿಗೊಮ್ಮೆ ಊರಿಗೇ ಬರುವ ಚಿಕಿತ್ಸಾಲಯವನ್ನು ಕಟ್ಟಲು ಹೊರಟ ಸಂಘಗಳಿಗೆ, ವೈದ್ಯರಿಗೆ ಮತ್ತು ಸೇನೆಯಿಂದ ನಿವೃತ್ತರಾಗಿ ಏನಾದರೂ ಮಾಡಬೇಕೆಂದುಕೊಂಡಿರುವ ಅಧಿಕಾರಿಗಳಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಒಂದೇ ದಿನದಲ್ಲಿ ಮುನ್ನೂರು ಜನರನ್ನು ನೋಡಿ ಮುಗಿಸುವ ಆರೋಗ್ಯ ಶಿಬಿರದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸದಂಥ ದೀರ್ಘಕಾಲದ ರೋಗವಿರುವವರಿಗೆ ಆಗುವ ಉಪಯೋಗ ಬಹಳ ಕಡಿಮೆ. ಅವರಿಗೆ ಬೇಕಾಗಿರುವುದು ಅದೇ ವೈದ್ಯರು, ಅದೇ ಜಾಗಕ್ಕೆ, ಅದೇ ದಿನ ಮತ್ತೆ ಬರುತ್ತಾರೆಂಬ ಭರವಸೆ. ಮುಂದಿನ ತಿಂಗಳು ಬರಲಾಗದಿದ್ದರೆ ಈ ತಿಂಗಳು ಹೋಗದಿರುವುದೇ ಮೇಲು ಎಂಬುದು ನನ್ನ ನಿಲುವು, ಏಕೆಂದರೆ ಹೊಸ ಮಾತ್ರೆಯನ್ನು ಆರಂಭಿಸಿ ನಡುವೆ ಕೈಬಿಡುವುದರಿಂದ ರೋಗಿಗೆ ಹಾನಿಯೇ ಆಗುತ್ತದೆ.

ಮೊದಲ ಹಂತ: ಯಾರಿಗೆ ತಲುಪಿಲ್ಲ ಎಂಬುದನ್ನು ತಿಳಿಯುವುದು

ಮಾಜಿ ಸೈನಿಕರ ಕೊಡುಗೆ ಸಹಿತ ಆರೋಗ್ಯ ಯೋಜನೆ, ಅಂದರೆ ಎಲ್ಲರೂ ಇಸಿಎಚ್‌ಎಸ್ ಎಂದು ಕರೆಯುವ ವ್ಯವಸ್ಥೆ, 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ದೇಶದಲ್ಲಿ ಇದರ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಪಾಲಿಕ್ಲಿನಿಕ್‌ನಲ್ಲಿ ತಪಾಸಣೆ ಮತ್ತು ಔಷಧ ಸಿಗುತ್ತದೆ, ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾದರೆ ಅಲ್ಲಿಂದ ಸೇನಾ ಆಸ್ಪತ್ರೆಗೋ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೋ ರೆಫರಲ್ ಕೊಡುತ್ತಾರೆ. ಸಂಚಾರಿ ಚಿಕಿತ್ಸಾಲಯವು ಇದಕ್ಕೆ ಬದಲಿ ಎಂದು ಯಾರೂ ಭಾವಿಸಬಾರದು. ಇರುವ ಸೌಲಭ್ಯಕ್ಕೂ ಅದು ಸಿಗಬೇಕಾದವರಿಗೂ ನಡುವಿನ ಕೊಂಡಿಯಾಗಿ ಅದು ಕೆಲಸ ಮಾಡಬೇಕು.

ಪಟ್ಟಿ ಮಾಡಲು ಕುಳಿತಾಗ ನಾಲ್ಕು ಬಗೆಯವರು ಕಾಣಸಿಗುತ್ತಾರೆ. ಇಸಿಎಚ್‌ಎಸ್ ಕಾರ್ಡ್ ಇದ್ದೂ ದೂರದ ಕಾರಣಕ್ಕೆ ಹೋಗಲಾಗದವರು ಮೊದಲನೆಯವರು. ಪಿಂಚಣಿಗೆ ಬೇಕಾದ 15 ವರ್ಷಗಳ ಸೇವೆ ತುಂಬುವ ಮೊದಲೇ ಸೇನೆಯಿಂದ ಬಿಡುಗಡೆಯಾಗಿ, ಪಿಂಚಣಿಯೂ ಇಲ್ಲದೆ ಇಸಿಎಚ್‌ಎಸ್ ಕೂಡ ಇಲ್ಲದೆ ಉಳಿದ ಜವಾನರು ಎರಡನೆಯವರು. ಇವರಲ್ಲಿ ಹವಾಲ್ದಾರ್ ದರ್ಜೆಯವರೆಗಿನವರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ವೈದ್ಯಕೀಯ ನೆರವೂ, 65 ದಾಟಿದ ಬಡವರಿಗೆ ಮಾಸಿಕ ನೆರವೂ ಉಂಟು, ಆದರೆ ಅರ್ಜಿ ಹಾಕಿಸುವವರು ಬೇಕು. ಮೂರನೆಯವರು 2003ಕ್ಕಿಂತ ಹಿಂದೆ ನಿವೃತ್ತರಾಗಿ, ಯೋಜನೆಗೆ ಸೇರದೆ, ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ಯೆಯಲ್ಲೇ ಉಳಿದವರು. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರು ಸದಸ್ಯತ್ವಕ್ಕೆ ವಂತಿಗೆಯನ್ನೇ ಕಟ್ಟಬೇಕಾಗಿಲ್ಲ ಎಂಬ ವಿಷಯ ಇವರಲ್ಲಿ ಅನೇಕರಿಗೆ ಇಂದಿಗೂ ತಿಳಿದಿಲ್ಲ. ನಾಲ್ಕನೆಯವರು ವಿಧವೆಯರು, ಎಲ್ಲರಿಗಿಂತ ಹಿಂದೆ ಉಳಿದವರು ಇವರೇ. ಗಂಡ ಇರುವವರೆಗೆ ಎಲ್ಲ ಕಾಗದವನ್ನೂ ಅವರೇ ನೋಡಿಕೊಂಡಿರುತ್ತಾರೆ, ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿರುವ ಯಾವ ಕಾಗದ ಯಾವುದಕ್ಕೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಹೆಸರುಗಳನ್ನು ಹುಡುಕಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ನಿಮ್ಮ ಉದ್ದೇಶವನ್ನು ಬರವಣಿಗೆಯಲ್ಲಿ ಕೊಡಿ. ಖಾಸಗಿ ವಿವರಗಳನ್ನು ಅವರು ನೇರವಾಗಿ ಕೊಡುವಂತಿಲ್ಲ, ಆದರೆ ನಿಮ್ಮ ಸುದ್ದಿಯನ್ನು ಅವರೇ ತಲುಪಿಸಬಲ್ಲರು. ತಾಲ್ಲೂಕಿನ ಮಾಜಿ ಸೈನಿಕರ ಸಂಘ, ಸೇನಾ ಕ್ಯಾಂಟೀನಿನ ಸಾಲು, ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿಗೆ ಬರುವವರು, ಊರಿನ ಅಂಚೆಯಣ್ಣ ಮತ್ತು ಆಶಾ ಕಾರ್ಯಕರ್ತೆ, ಈ ಐದು ಕಡೆ ವಿಚಾರಿಸಿದರೆ ಹೆಚ್ಚಿನವರು ಸಿಗುತ್ತಾರೆ. ಕ್ಯಾಂಟೀನಿಗೂ ಬ್ಯಾಂಕಿಗೂ ಬಾರದವರನ್ನೇ ನೀವು ಹುಡುಕುತ್ತಿರುವುದರಿಂದ ಅಂಚೆಯಣ್ಣನ ಮಾತಿಗೆ ಹೆಚ್ಚಿನ ಬೆಲೆ ಕೊಡಿ.

ಎರಡನೆಯ ಹಂತ: ಅನುಮತಿ ಮತ್ತು ಒಪ್ಪಂದ

ವಾಹನ ಕೊಳ್ಳುವ ಮೊದಲು ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕಂಡು, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನಿಮ್ಮ ವ್ಯವಸ್ಥೆಯನ್ನು ಹೇಗೆ ನೋಂದಾಯಿಸಬೇಕೆಂದು ಕೇಳಿ ಲಿಖಿತ ಉತ್ತರ ಪಡೆಯಿರಿ. ಸೂಜಿ, ಹತ್ತಿ, ರಕ್ತ ತಾಗಿದ ಸಾಮಗ್ರಿಗಳ ವಿಲೇವಾರಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ನಡೆಯಬೇಕು. ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳು ವಾಹನದಲ್ಲೇ ಇರಬೇಕು, ಅಧಿಕೃತ ವಿಲೇವಾರಿ ಘಟಕದೊಂದಿಗೆ ಒಪ್ಪಂದವೂ ಆಗಿರಬೇಕು. ವಿಡಿಯೊ ಮೂಲಕ ತಜ್ಞರನ್ನು ಸಂಪರ್ಕಿಸುವುದಾದರೆ 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ನಿಮ್ಮ ವೈದ್ಯರು ಓದಿರಲಿ. ಪಾಲಿಕ್ಲಿನಿಕ್‌ನ ಅಧಿಕಾರಿಯನ್ನೂ ನೀವು ಹೋಗುವ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಖುದ್ದಾಗಿ ಭೇಟಿಯಾಗಿ ಪರಿಚಯ ಮಾಡಿಕೊಳ್ಳಿ. ನೀವು ಕಳುಹಿಸಿದ ಚೀಟಿಯನ್ನು ಅವರು ಗೌರವದಿಂದ ಓದಬೇಕಾದರೆ ಈ ಪರಿಚಯ ಅಗತ್ಯ.

ಮೂರನೆಯ ಹಂತ: ವಾಹನ ಮತ್ತು ಸಲಕರಣೆ

ದೊಡ್ಡ ಬಸ್ಸಿನ ಆಸೆ ಬೇಡ. ಗಾಳಿಬೀಡು, ಭಾಗಮಂಡಲ, ಕರಿಕೆ ಕಡೆಯ ತಿರುವುಗಳಲ್ಲಿ ಉದ್ದದ ಗಾಡಿ ಒಮ್ಮೆ ಎದುರು ಗಾಡಿಗೆ ಸಿಕ್ಕಿಕೊಂಡರೆ ಅರ್ಧ ದಿನ ಹೋಗುತ್ತದೆ. ಟೆಂಪೊ ಟ್ರಾವೆಲರ್ ಗಾತ್ರದ, ಒಳಗೆ ನೆಟ್ಟಗೆ ನಿಲ್ಲಲು ಎತ್ತರವಿರುವ ವಾಹನ ಸಾಕು. ಹತ್ತುವ ಮೆಟ್ಟಿಲು ತಗ್ಗಿರಬೇಕು ಮತ್ತು ಎರಡೂ ಬದಿಗೆ ಹಿಡಿಕೆ ಇರಬೇಕು, ಏಕೆಂದರೆ ಮೊಣಕಾಲು ನೋವಿನವರು ಮೊದಲ ಮೆಟ್ಟಿಲಿನಲ್ಲೇ ಸೋತು ಹಿಂದಿರುಗುವುದುಂಟು. ವಾಹನದ ಒಳಗೆ ತಪಾಸಣೆ ಮತ್ತು ಔಷಧ ಮಾತ್ರ ನಡೆಯಲಿ. ಕಾಯುವವರಿಗೆ ಊರಿನ ಸಮುದಾಯ ಭವನವೋ, ಶಾಲೆಯ ಜಗಲಿಯೋ, ಸಂಘದ ಕೊಠಡಿಯೋ ಇರಲಿ, ಅಲ್ಲಿ ಶೌಚಾಲಯ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಪ್ರಾಸ್ಟೇಟ್ ತೊಂದರೆ ಇರುವವರು ಒಂದು ಗಂಟೆ ಕೂತು ಕಾಯಲಾರರು.

ಸಲಕರಣೆಗಳಲ್ಲಿ ಎರಡು ಅಳತೆಯ ತೋಳುಪಟ್ಟಿ ಇರುವ ಬಿಪಿ ಯಂತ್ರ, ಗ್ಲುಕೋಮೀಟರ್, 12 ಲೀಡಿನ ಇಸಿಜಿ, ಪಲ್ಸ್ ಆಕ್ಸಿಮೀಟರ್, ನೆಬ್ಯುಲೈಸರ್, ಆಮ್ಲಜನಕದ ಸಿಲಿಂಡರ್, ದೃಷ್ಟಿ ಪರೀಕ್ಷೆಯ ಫಲಕ, ಪಾದದ ಸ್ಪರ್ಶಜ್ಞಾನ ನೋಡುವ ಎಳೆ ಮತ್ತು ಸಾಧ್ಯವಾದರೆ ಉಸಿರಾಟದ ಬಲ ಅಳೆಯುವ ಸ್ಪೈರೊಮೀಟರ್ ಹಾಗೂ ಶ್ರವಣ ಪರೀಕ್ಷೆಯ ಯಂತ್ರ ಇದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬುವಂತಿಲ್ಲದ ಕಾರಣ ಶೀತಪೆಟ್ಟಿಗೆ ಮತ್ತು ಅದರೊಳಗೆ ಒಂದು ತಾಪಮಾಪಕ ಕಡ್ಡಾಯ. ತೇವದಲ್ಲಿ ಗ್ಲುಕೋಮೀಟರ್ ಪಟ್ಟಿಗಳು ಕೆಟ್ಟು ತಪ್ಪು ಅಂಕಿ ತೋರಿಸುತ್ತವೆ, ಆದ್ದರಿಂದ ಅವುಗಳ ಡಬ್ಬದ ಮುಚ್ಚಳವನ್ನು ಕೂಡಲೇ ಮುಚ್ಚುವ ಅಭ್ಯಾಸವನ್ನು ಎಲ್ಲರೂ ಮಾಡಿಕೊಳ್ಳಬೇಕು.

ನಾಲ್ಕನೆಯ ಹಂತ: ಜನ

ಒಬ್ಬ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಫಾರ್ಮಸಿಸ್ಟ್, ಘಾಟಿ ರಸ್ತೆ ಬಲ್ಲ ಚಾಲಕ, ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಐದನೆಯವರೊಬ್ಬರನ್ನು ಮರೆಯಬೇಡಿ: ಸೇನೆಯಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತರಾದ ಒಬ್ಬರು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಪಿಂಚಣಿಯ ಸ್ಪರ್ಶ್ ಜಾಲತಾಣದ ದಾಖಲೆ, ಇಸಿಎಚ್‌ಎಸ್‌ನ 64 ಕೆಬಿ ಸ್ಮಾರ್ಟ್ ಕಾರ್ಡಿನ ಅರ್ಜಿ, ಇವನ್ನೆಲ್ಲ ಬಲ್ಲ ಇವರು ವಾಹನದ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತರೆ ಒಂದು ವರ್ಷದಲ್ಲಿ ವೈದ್ಯರಷ್ಟೇ ಜೀವಗಳನ್ನು ಉಳಿಸುತ್ತಾರೆ. ಇದು ಉತ್ಪ್ರೇಕ್ಷೆಯಲ್ಲ.

ಒಂದು ಪ್ರಸಂಗವನ್ನು ಹೇಳುತ್ತೇನೆ. ಸೋಮವಾರಪೇಟೆ ಕಡೆಯ ಒಬ್ಬ ಅಜ್ಜಿ ಕಣ್ಣಿನ ಪೊರೆಯಿಂದ ಹೆಚ್ಚುಕಡಿಮೆ ಕುರುಡಾಗಿದ್ದರು. ಗಂಡನ ಸೇವಾ ದಾಖಲೆಯಲ್ಲಿ ಅವರ ಹೆಸರು ತವರಿನಲ್ಲಿ ಕರೆಯುತ್ತಿದ್ದ ಹೆಸರಾಗಿತ್ತು, ಆಧಾರ್‌ನಲ್ಲಿ ಮದುವೆಯ ನಂತರದ ಹೆಸರಿತ್ತು. ಈ ವ್ಯತ್ಯಾಸದಿಂದಾಗಿ ಕಾರ್ಡಿನ ಅರ್ಜಿ ಮೂರು ಸಲ ಮರಳಿ ಬಂದಿತ್ತು, ಕೊನೆಗೆ ಅವರು ಅದನ್ನು ಅಲ್ಲಿಗೇ ಬಿಟ್ಟಿದ್ದರು. ನಮ್ಮ ಕ್ಲರ್ಕ್ ಸಾಹೇಬರು ಟ್ರಂಕನ್ನೇ ತರಿಸಿ, ಒಂದೊಂದೇ ಕಾಗದವನ್ನು ನೆಲದ ಮೇಲೆ ಹರಡಿ, ಮದುವೆಯ ವಿಷಯ ದಾಖಲಾದ ಪಾರ್ಟ್ ಟು ಆರ್ಡರಿನ, ಅಂದರೆ ಸೈನಿಕರ ವೈಯಕ್ತಿಕ ವಿವರಗಳನ್ನು ದಾಖಲಿಸುವ ಸೇನಾ ಆದೇಶದ, ಮಾಸಿದ ಪ್ರತಿಯನ್ನು ಹುಡುಕಿ ತೆಗೆದರು. ಅದರ ಜೊತೆಗೆ ಒಂದು ಪ್ರಮಾಣಪತ್ರ ಮಾಡಿಸಿ, ರೆಕಾರ್ಡ್ ಆಫೀಸಿಗೆ ಪತ್ರ ಬರೆದು, ಹೆಸರು ಸರಿಯಾಗುವವರೆಗೆ ಬೆನ್ನು ಬಿಡಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಬಂದ ಅಜ್ಜಿ ಮೊದಲು ನೋಡಿದ್ದು ಅವರ ಮುಖವನ್ನು. ಅಷ್ಟು ತಿಂಗಳು ಅವರ ಧ್ವನಿ ಮಾತ್ರ ಅಜ್ಜಿಗೆ ಪರಿಚಯವಿತ್ತು.

ಐದನೆಯ ಹಂತ: ದಾರಿ ಮತ್ತು ದಿನ

ಒಂದು ದಿನಕ್ಕೆ ಎರಡೇ ನಿಲ್ದಾಣ, ಒಂದು ನಿಲ್ದಾಣಕ್ಕೆ ಇಪ್ಪತ್ತೈದರಿಂದ ಮೂವತ್ತು ಜನ, ಇದಕ್ಕಿಂತ ಹೆಚ್ಚು ಬೇಡ. ‘ತಿಂಗಳ ಎರಡನೇ ಮಂಗಳವಾರ ಶ್ರೀಮಂಗಲ, ಮಧ್ಯಾಹ್ನ ಕುಟ್ಟ’ ಎಂಬಂತೆ ದಿನ ನಿಗದಿಯಾಗಲಿ, ಅದು ಎಂದೂ ಬದಲಾಗದಿರಲಿ. ಸೈನಿಕನಾಗಿ ಬದುಕಿದವರು ಸಮಯಕ್ಕೆ ಹತ್ತು ನಿಮಿಷ ಮೊದಲೇ ಬಂದು ನಿಲ್ಲುತ್ತಾರೆ, ನೀವು ತಡವಾದರೆ ನಿಮ್ಮ ಮೇಲಿನ ವಿಶ್ವಾಸ ಅಲ್ಲೇ ಕುಂದುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ, ಕೈಲ್‌ಪೊಳ್ದ್ ಮತ್ತು ಪುತ್ತರಿ ಹಬ್ಬಗಳ ದಿನಗಳಲ್ಲಿ ಜನ ಬರುವುದಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ವರ್ಷದ ಪಟ್ಟಿಯನ್ನು ಮೊದಲೇ ಮುದ್ರಿಸಿ ಹಂಚಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲದಂತಾದದ್ದನ್ನು ಕಂಡ ಜಿಲ್ಲೆ ಇದು. ಆದ್ದರಿಂದ ಮೇ ತಿಂಗಳ ಭೇಟಿಯಲ್ಲೇ ಮಳೆಗಾಲಕ್ಕೆ ಹೆಚ್ಚುವರಿ ಔಷಧ ಕೊಟ್ಟಿಡುವ ಬಗ್ಗೆ ವೈದ್ಯರು ತೀರ್ಮಾನಿಸಬೇಕು. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತು ಹಾಕಿಡಿ. ತಜ್ಞರೊಂದಿಗಿನ ವಿಡಿಯೊ ಸಮಾಲೋಚನೆಗೂ ತುರ್ತು ಕರೆಗೂ ಅದು ಬೇಕಾಗುತ್ತದೆ.

ಆರನೆಯ ಹಂತ: ತಪಾಸಣೆ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಮಾಜಿ ಸೈನಿಕರನ್ನು ‘ಹೇಗಿದ್ದೀರಿ’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಸಬ್ ಠೀಕ್ ಹೈ, ಸಾಬ್.’ ಸೇನೆಯಲ್ಲಿ ಸಿಕ್ ರಿಪೋರ್ಟ್ ಮಾಡುವವನನ್ನು, ಅಂದರೆ ಕಾಯಿಲೆಯೆಂದು ವರದಿ ಮಾಡಿಕೊಳ್ಳುವವನನ್ನು, ಕೆಲಸಗಳ್ಳನೆಂದು ನೋಡುವ ಕಣ್ಣುಗಳ ಮುಂದೆ ಇಪ್ಪತ್ತು ವರ್ಷ ಕಳೆದವರು ನೋವನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಕಾಯಿಲೆಯನ್ನು ಕೇಳಬೇಡಿ, ಸೇವೆಯನ್ನು ಕೇಳಿ. ಯಾವ ಪಲ್ಟನ್, ಯಾವ ಕೆಲಸ, ಎಲ್ಲೆಲ್ಲಿ ಪೋಸ್ಟಿಂಗ್, ಎಷ್ಟು ವರ್ಷ ಎತ್ತರದ ಪ್ರದೇಶದಲ್ಲಿದ್ದರು? ಹುದ್ದೆಯಿಂದಲೇ ಮಾತನಾಡಿಸಿ: ‘ಸುಬೇದಾರ್ ಸಾಹೇಬರೇ, ಬನ್ನಿ, ಕೂತುಕೊಳ್ಳಿ.’ ಹೀಗೆ ಶುರುವಾದ ಮಾತಿನಿಂದ ರೋಗದ ಸುಳಿವು ತಾನಾಗಿ ಹೊರಬರುತ್ತದೆ.

ಫಿರಂಗಿ ದಳದಲ್ಲಿದ್ದವರಿಗೆ, ಟ್ಯಾಂಕ್ ಓಡಿಸಿದವರಿಗೆ ಕಿವಿ ಪರೀಕ್ಷೆ ಮಾಡಲೇಬೇಕು. ಸ್ಫೋಟದ ಸದ್ದಿನಿಂದಾಗುವ ಕಿವುಡು ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅವರಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ಇದನ್ನು ಸಿಟ್ಟು, ಹಟ, ಮರೆವು ಎಂದು ತಿಳಿದಿರುತ್ತಾರೆ. ಪರೀಕ್ಷೆಯನ್ನು ವಾಹನದ ಎಂಜಿನ್ ನಿಲ್ಲಿಸಿ, ಜನರ ಸದ್ದಿನಿಂದ ದೂರದ ಕೊಠಡಿಯಲ್ಲಿ ಮಾಡಿ.

ರಕ್ತದೊತ್ತಡ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ, ಪಾದ ನೆಲಕ್ಕೆ ಊರಿರಲಿ, ತೋಳು ಹೃದಯದ ಮಟ್ಟದಲ್ಲಿರಲಿ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ ಕುಡಿದಿದ್ದಾರೆಯೇ ಎಂದು ಕೊಡಗಿನಲ್ಲಿ ಖಂಡಿತ ಕೇಳಬೇಕು. 70 ದಾಟಿದವರಿಗೆ ಎದ್ದು ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬೀಳುವ ಅಪಾಯವಿದೆ ಎಂದರ್ಥ. ಬಿಪಿ ಮಾತ್ರೆಯ ಜೊತೆಗೆ ಪ್ರಾಸ್ಟೇಟ್ ಮಾತ್ರೆಯನ್ನೂ ನುಂಗುವವರಲ್ಲಿ ಇದು ಹೆಚ್ಚು, ರಾತ್ರಿ ಮೂತ್ರಕ್ಕೆಂದು ಎದ್ದಾಗ ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದು ಹೀಗೆಯೇ. ಮಾತ್ರೆಗಳನ್ನೆಲ್ಲ ಚೀಲ ಸಮೇತ ತರುವಂತೆ ಹೇಳಿ, ಮೇಜಿನ ಮೇಲೆ ಸುರಿದು ನೋಡಿ. ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗುತ್ತಿರುವುದು ಅಲ್ಲಿ ಗೊತ್ತಾಗುತ್ತದೆ.

ಹಿಮದ ಕೊರೆತಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವರು, ಸಿಡಿಗುಂಡಿನಿಂದ ಕಾಲು ಕಳೆದುಕೊಂಡವರು ಇದ್ದರೆ ಕೃತಕ ಕಾಲನ್ನು ಬಿಚ್ಚಿಸಿ ಮೊಂಡುಗಾಲಿನ ಚರ್ಮವನ್ನು ನೋಡಿ. ಮಳೆಗಾಲದ ತೇವದಲ್ಲಿ ಅಲ್ಲಿ ಬೂಷ್ಟು ಹಿಡಿದು ಹುಣ್ಣಾಗಿರುತ್ತದೆ, ಸಕ್ಕರೆ ಕಾಯಿಲೆಯೂ ಇದ್ದರೆ ಅದು ಮತ್ತಷ್ಟು ಕಾಲನ್ನು ಕತ್ತರಿಸುವವರೆಗೆ ಹೋಗಬಹುದು. ಕಾಲು ಹಳೆಯದಾಗಿ ಸಡಿಲಾಗಿದ್ದರೆ 1944ರಲ್ಲಿ ಸ್ಥಾಪನೆಯಾದ ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಕಳುಹಿಸುವ ದಾರಿಯನ್ನು ಪಾಲಿಕ್ಲಿನಿಕ್ ಮೂಲಕ ನೋಡಿ.

ಮನಸ್ಸಿನ ವಿಷಯಕ್ಕೆ ಬಂದಾಗ ‘ಮಾನಸಿಕ’ ಎಂಬ ಪದವನ್ನೇ ಬಳಸದೆ ನಿದ್ದೆಯ ಬಗ್ಗೆ ಕೇಳಿ. ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಎಚ್ಚರವಾದ ಮೇಲೆ ಏನು ಮಾಡುತ್ತೀರಿ? ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದು ಬಂದವರು, ಕಾರ್ಗಿಲ್‌ನಿಂದ ಬಂದವರು ದಶಕಗಳ ನಂತರವೂ ರಾತ್ರಿ ಮನೆಯ ಸುತ್ತ ಒಂದು ಸುತ್ತು ಹಾಕಿ ಬಾಗಿಲು ನೋಡಿಕೊಂಡು ಮಲಗುತ್ತಾರೆಂದು ಹೆಂಡತಿಯರು ಹೇಳುತ್ತಾರೆ. ಕುಡಿತದ ಬಗ್ಗೆ ನೀತಿ ಹೇಳದೆ ಲೆಕ್ಕ ಕೇಳಿ. ದಿನವೂ ಹೆಚ್ಚು ಕುಡಿಯುವವರಿಗೆ ‘ನಾಳೆಯಿಂದ ಬಿಟ್ಟುಬಿಡಿ’ ಎನ್ನಬಾರದು, ಒಮ್ಮೆಲೇ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬದುಕು ಬೇಸರವಾಗಿದೆ ಎಂಬ ಮಾತು ಬಂದಾಗ ಕೊಡಗಿನಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ, ಅನೇಕ ಮನೆಗಳಲ್ಲಿ ಪೂಜೆಗೆ ಒಳಗಾಗುವ ಕೋವಿ ಇದೆ. ಕೆಲವು ತಿಂಗಳ ಮಟ್ಟಿಗೆ ಅದನ್ನು ಬೇರೆ ಕಡೆ ಭದ್ರವಾಗಿ ಇಡುವ ಬಗ್ಗೆ, ಯಾರಿಗೂ ಅವಮಾನವಾಗದಂತೆ, ಕುಟುಂಬದ ಹಿರಿಯರೊಂದಿಗೆ ಮಾತನಾಡಿ. 14416 ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಔಷಧದ ಚೀಟಿಯ ಮೇಲೆಯೇ ಮುದ್ರಿಸಿಡಿ, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಏಳನೆಯ ಹಂತ: ಔಷಧ, ರೆಫರಲ್, ತುರ್ತು

ಇಸಿಎಚ್‌ಎಸ್ ಸದಸ್ಯರ ಔಷಧವನ್ನು ನೀವೇ ಕೊಂಡು ಕೊಡುವ ಅಗತ್ಯವಿಲ್ಲ. ಪಾಲಿಕ್ಲಿನಿಕ್‌ನ ಒಪ್ಪಿಗೆ ಪಡೆದು, ಸದಸ್ಯರ ಅಧಿಕಾರಪತ್ರದೊಂದಿಗೆ ನಿಮ್ಮ ಫಾರ್ಮಸಿಸ್ಟ್ ಅದನ್ನು ತರುವ ವ್ಯವಸ್ಥೆಗೆ ಪ್ರಯತ್ನಿಸಿ. ಅಲ್ಲಿ ‘ಎನ್‌ಎ’ ಎಂದು ಬರೆದು ಕೊಟ್ಟ, ಅಂದರೆ ದಾಸ್ತಾನಿಲ್ಲದ ಔಷಧಗಳಿಗೆ ಮಾತ್ರ ನಿಮ್ಮ ನಿಧಿಯನ್ನು ಬಳಸಿ, ಮಿಕ್ಕ ಹಣ ಪಿಂಚಣಿ ಇಲ್ಲದವರ ಔಷಧಕ್ಕೆ ಉಳಿಯಲಿ. ಕಳುಹಿಸಬೇಕಾದವರಿಗೆ ಬರೀ ಚೀಟಿ ಕೊಟ್ಟರೆ ಸಾಲದು. ಯಾವ ದಿನ, ಯಾವ ಬಸ್ಸು, ಯಾವ ಕೊಠಡಿ, ಜೊತೆಗೆ ಯಾರು ಹೋಗುತ್ತಾರೆ ಎಂಬ ನಾಲ್ಕು ಸಾಲನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದುಕೊಡಿ.

ಎದೆನೋವಿನವರು ಬಂದರೆ ಸಾಲು ನಿಲ್ಲಿಸಿ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಮತ್ತು ಅದೇ ಹೊತ್ತಿಗೆ 108ಕ್ಕೆ ಕರೆ ಹೋಗಿರಬೇಕು. ನಿಮ್ಮ ವಾಹನ ಆಂಬುಲೆನ್ಸ್ ಅಲ್ಲ. ತುರ್ತಿನಲ್ಲಿ ಸದಸ್ಯರು ರೆಫರಲ್ ಇಲ್ಲದೆಯೇ ಯಾವ ಆಸ್ಪತ್ರೆಗೂ ಹೋಗಬಹುದು, ಆದರೆ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಇದು ಗೊತ್ತಿಲ್ಲದೆ ಜಮೀನು ಅಡವಿಟ್ಟು ಬಿಲ್ಲು ಕಟ್ಟಿದ ಕುಟುಂಬವನ್ನು ನಾನು ಬಲ್ಲೆ. ಈ ನಿಯಮವನ್ನೂ ಪಾಲಿಕ್ಲಿನಿಕ್‌ನ ದೂರವಾಣಿ ಸಂಖ್ಯೆಯನ್ನೂ ಒಂದು ಗಟ್ಟಿ ಕಾಗದದಲ್ಲಿ ಬರೆದು ಪ್ರತಿ ಮನೆಯ ಗೋಡೆಗೆ ಅಂಟಿಸಿ ಬನ್ನಿ.

ಎಂಟನೆಯ ಹಂತ: ಹಾಜರಿ

ಪ್ರತಿ ನಿಲ್ದಾಣದಲ್ಲೂ ಕೆಲಸ ಮುಗಿದ ಮೇಲೆ ಗಾಡಿ ಹೊರಡುವ ಮೊದಲು ಪಟ್ಟಿಯನ್ನು ಕೂಗಿ ಓದಿ. ಇದನ್ನು ನಾವು ರೋಲ್ ಕಾಲ್ ಎಂದೇ ಕರೆಯುತ್ತೇವೆ. ಬಾರದವರ ಹೆಸರು ಬಂದಾಗ ನೆರೆಯವರಲ್ಲಿ ಒಬ್ಬರು ಕಾರಣ ಹೇಳುತ್ತಾರೆ: ಮಗಳ ಮನೆಗೆ ಹೋಗಿದ್ದಾರೆ, ಗದ್ದೆಯಲ್ಲಿ ನಾಟಿ ಇದೆ. ಯಾರಿಂದಲೂ ಉತ್ತರ ಬಾರದ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಅದೇ ಸಂಜೆ ಫೋನ್ ಮಾಡಿ. ಫೋನ್ ಎತ್ತದಿದ್ದರೆ ಮಾರನೆಯ ಬೆಳಿಗ್ಗೆ ಆ ಊರಿನ ಸಂಘದವರೊಬ್ಬರು ಜೀಪಿನಲ್ಲೋ ನಡೆದೋ ಆ ಮನೆಗೆ ಹೋಗಿ, ಬಾಗಿಲು ತಟ್ಟಿ, ಅವರನ್ನು ಕಣ್ಣಾರೆ ನೋಡಿ ಬಂದು, ನಿಮ್ಮ ಪುಸ್ತಕದಲ್ಲಿ ಸಹಿ ಹಾಕಬೇಕು.